ಕೆರೆಹಕ್ಕಿ ನನ್ನನ್ನು ಗಮನಿಸದೆ ತನ್ನ ಪಾಡಿಗೆ ತಾನಿರುವಾಗ ಫೋಟೊ ತೆಗೆಯುವುದು ಹೇಗೆ?

ಹಳೇಬೀಡು ಸ್ಟುಡಿಯೊ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಳೇಬೀಡಿನಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ ತೆಗೆಯುವುದು ನನ್ನ ಕಸುಬು. ಈಗ ಆಷಾಢ, ಮದುವೆಗಳಿಲ್ಲ. ಹಾಗಾಗಿ ದೂರದ್ದನ್ನು ಹತ್ತಿರ ತೋರಿಸುವ 150-600 ಲೆನ್ಸ್ ಹಿಡಿದು ಕೆರೆಗಳ ಕಡೆ ಹೋಗುತ್ತಿದ್ದೇನೆ. ಬೆಳಗ್ಗೆ ಹೊತ್ತು ದ್ವಾರಸಮುದ್ರದ ದಡದಲ್ಲಿ, ಬಿಡುವಾದರೆ ನಮ್ಮೂರ ಪಕ್ಕದ ಚಿಕ್ಕ ಕೆರೆಯಲ್ಲಿ. ಆ ಚಿಕ್ಕ ಕೆರೆಯ ತುಂಬ ತಾವರೆ ಹಬ್ಬಿದೆ. ಉದ್ದ ಬಾಲದ ದೇವನಕ್ಕಿಗಳು, ಜಂಬುಕೋಳಿ, ಗುಳುಮುಳುಕ, ಬಕ, ಬೆಳ್ಳಕ್ಕಿ ಎಲ್ಲವೂ ಇವೆ.

ಚಿತ್ರಗಳು ಸ್ಪಷ್ಟವಾಗಿಯೇ ಬರುತ್ತಿವೆ. ಕಣ್ಣಿನ ಮೇಲೆ ಫೋಕಸ್ ಕೂತಿದೆ, ಗರಿಯ ಎಳೆ ಎಳೆಯೂ ಕಾಣುತ್ತದೆ. ಆದರೆ ಯಾವ ಚಿತ್ರ ತೆಗೆದು ನೋಡಿದರೂ ಹಕ್ಕಿ ಕತ್ತು ನಿಗುರಿಸಿ ನನ್ನನ್ನೇ ನೋಡುತ್ತಿರುತ್ತದೆ, ಇಲ್ಲವೇ ಬೆನ್ನು ತೋರಿಸಿ ಹಾರಿ ಹೋಗುತ್ತಿರುತ್ತದೆ. ಮದುವೆಮನೆಯಲ್ಲಿ ಕ್ಯಾಮೆರಾ ನೋಡಿಕೊಂಡು ಸಾಲಾಗಿ ನಿಂತವರ ಫೋಟೊ ಆಲ್ಬಮ್ಮಿಗೆ ಬೇಕೇ ಬೇಕು. ಆದರೆ ವರ್ಷಗಳು ಕಳೆದ ಮೇಲೆ ಮನೆಯವರು ಮತ್ತೆ ಮತ್ತೆ ತೆರೆದು ನೋಡುವುದು, ಅಜ್ಜಿ ಮೊಮ್ಮಗಳ ಜಡೆಗೆ ಹೂ ಮುಡಿಸುತ್ತಿರುವಂಥ ಚಿತ್ರವನ್ನು. ಹಕ್ಕಿಗಳದೂ ನನಗೆ ಅಂಥದ್ದೇ ಬೇಕು. ಮೇಯುವುದು, ಜಗಳವಾಡುವುದು, ಜೋಡಿ ಕೂಡುವುದು, ಮರಿ ನೋಡಿಕೊಳ್ಳುವುದು.

ಗೆಳೆಯರು ಮೂರು ಉಪಾಯ ಹೇಳಿದ್ದಾರೆ. ನೀರಿಗೆ ಕಲ್ಲು ಎಸೆದರೆ ಹಾರುವ ಚಿತ್ರ ಸಿಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿದರೆ ಹತ್ತಿರ ಬರುತ್ತದೆ. ಗೂಡಿಗೆ ಅಡ್ಡ ಇರುವ ಜೊಂಡು ಸವರಿದರೆ ನೋಟ ತಿಳಿಯಾಗುತ್ತದೆ. ಈ ಮೂರಕ್ಕೂ ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಏನಿದೆ, ತಿಳಿದವರು ಹೇಳಿ.

ಅರಸೀಕೆರೆ ಲೆನ್ಸ್:

ಕ್ಯಾಮೆರಾದ ಮಾತಷ್ಟನ್ನು ನಾನು ಹೇಳುತ್ತೇನೆ, ಹಕ್ಕಿಯ ಮಾತನ್ನು ಬಲ್ಲವರು ಹೇಳಲಿ. ಹಾರುವ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/2000ಕ್ಕಿಂತ ಕೆಳಗೆ ಬೇಡ. ಮೇಯುತ್ತಿರುವ ಹಕ್ಕಿಗೆ 1/800 ಸಾಕು, ಆದರೆ ಬಕ ಕೊಕ್ಕು ಬೀಸುವ ಗಳಿಗೆಗೆ ಅದೂ ಸಾಲದು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಆಟೊದಲ್ಲಿರಲಿ. ಮಳೆಗಾಲದ ಬೆಳಕಿನಲ್ಲಿ ಐಎಸ್‌ಒ ಏರಿದರೆ ಚಿತ್ರದಲ್ಲಿ ಸ್ವಲ್ಪ ಕಾಳು ಕಾಣುತ್ತದೆ, ಅದನ್ನು ಆಮೇಲೆ ತಿದ್ದಬಹುದು. ಅಲುಗಿ ಮಸುಕಾದದ್ದನ್ನು ಯಾರೂ ತಿದ್ದಲಾರರು.

ಬಿಳಿ ಬಣ್ಣ ಕೈಕೊಡುವುದು ಹೆಚ್ಚು. ಕಪ್ಪು ನೀರಿನ ಮೇಲೆ ಬೆಳ್ಳಕ್ಕಿ ನಿಂತಿದ್ದರೆ ಕ್ಯಾಮೆರಾ ಆ ಕತ್ತಲನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತನ್ನಿ. ಮೋಡದ ಬಿಳಿ ಆಕಾಶಕ್ಕೆ ನೀರುಕಾಗೆ ಹಾರಿದರೆ ಇದರ ತಿರುಗುಮುರುಗು, ಒಂದು ಸ್ಟಾಪ್ ಏರಿಸಿ. ದೇವನಕ್ಕಿಯ ಮೈ ಕಪ್ಪು, ರೆಕ್ಕೆ ಬಿಳಿ. ಅಲ್ಲಿ ರೆಕ್ಕೆಯ ಬಿಳಿಯನ್ನು ಉಳಿಸಿಕೊಂಡರೆ ಮೈಯ ಕಪ್ಪನ್ನು ಆಮೇಲೆ ಎತ್ತಿಕೊಳ್ಳಬಹುದು.

ಸಖರಾಯಪಟ್ಟಣದ ಟೀಚರ್:

ಹಳೇಬೀಡಿನವರೇ, ಆ ಮೂರು ಉಪಾಯಗಳಿಗೆ ನಿಮ್ಮ ಮನಸ್ಸು ಒಪ್ಪದಿರುವುದನ್ನು ಓದಿ ಬಹಳ ಸಂತೋಷವಾಯಿತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಯ್ಯನಕೆರೆಯ ಏರಿ, ಅಂಗಳ, ಅದರ ಕೆಳಗಿನ ಗದ್ದೆಬಯಲು ನಾನು ಹಕ್ಕಿ ನೋಡುವ ಜಾಗಗಳು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಲೆನ್ಸಿನಲ್ಲಿ ಕೊರತೆ ಇಲ್ಲ. ಹಕ್ಕಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವ ಮೊದಲೇ ನೀವು ಬಟನ್ ಒತ್ತುತ್ತಿದ್ದೀರಿ. ಕತ್ತು ನಿಗುರಿಸಿದ ಕೊಳದ ಬಕದ ಚಿತ್ರ ನೀವು ಬಂದ ಸುದ್ದಿಯನ್ನಷ್ಟೇ ಹೇಳುತ್ತದೆ. ಆ ಸುದ್ದಿ ಹಳತಾಗುವವರೆಗೆ ಕ್ಯಾಮೆರಾ ಮಡಿಲಲ್ಲಿರಲಿ.

ಹಕ್ಕಿ ಹೆದರಿದೆ ಎನ್ನುವುದನ್ನು ಅದು ಹಾರುವ ಬಹಳ ಮೊದಲೇ ಮೈಯಿಂದ ಹೇಳುತ್ತದೆ. ಜಂಬುಕೋಳಿ ಬಾಲವನ್ನು ಪಟಪಟನೆ ಎತ್ತಿ ಇಳಿಸಿ ಅಡಿಯ ಬಿಳಿಯನ್ನು ತೋರಿಸಲು ಶುರುಮಾಡುತ್ತದೆ. ಗುಳುಮುಳುಕ ಮೈಯನ್ನು ನೀರಿಗೆ ತಗ್ಗಿಸಿಕೊಳ್ಳುತ್ತದೆ, ಮರುಗಳಿಗೆಯಲ್ಲಿ ಮುಳುಗಿ ಎಲ್ಲೋ ದೂರದ ಜೊಂಡಿನಲ್ಲಿ ಏಳುತ್ತದೆ. ಬಾತುಗಳು ಮೇಯುವುದನ್ನು ಬಿಟ್ಟು ಒಂದೇ ದಿಕ್ಕಿಗೆ ನಿಧಾನವಾಗಿ ಈಜತೊಡಗುತ್ತವೆ. ಇನ್ನು ಟಿಟ್ಟಿಭ ಒಂದು ಇದ್ದರೆ ಮುಗಿಯಿತು, ನೀವು ಏರಿ ಇಳಿಯುವಾಗಲೇ ಇಡೀ ಕೆರೆಗೆ ಡಂಗುರ ಹೊಡೆದಿರುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿ. ಒಂದು ಹೆಜ್ಜೆ ಹಿಂದಕ್ಕೆ ಬಂದು ಕುಳಿತರೆ ಇನ್ನೂ ಒಳ್ಳೆಯದು.

ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಗಾಳ ಹಾಕುವ ಮಕ್ಕಳು ಇದೇ ಕೆರೆಯಲ್ಲಿ ಇರುತ್ತಾರೆ. ಅವರ ಹತ್ತಿರವೇ ಬೆಳ್ಳಕ್ಕಿ ಓಡಾಡಿಕೊಂಡಿರುತ್ತದೆ. ಅವರು ದಿನವೂ ಬರುತ್ತಾರೆ, ಅದೇ ಜಾಗದಲ್ಲಿ ಇರುತ್ತಾರೆ, ಹಕ್ಕಿಯ ಕಡೆಗೆ ನೇರವಾಗಿ ನಡೆಯುವುದಿಲ್ಲ. ನೀವೂ ಹಾಗೆಯೇ ಮಾಡಿ. ಒಂದು ಜಾಗ ಆರಿಸಿಕೊಳ್ಳಿ, ಬೆಳಕು ಹರಿಯುವ ಮೊದಲೇ ಹೋಗಿ ಕುಳಿತುಬಿಡಿ, ಮಾಸಲು ಬಣ್ಣದ ಅದೇ ಅಂಗಿ ತೊಡಿ. ಕೊಡೆ ಬಿಚ್ಚಬೇಡಿ, ಅದರಷ್ಟು ಹಕ್ಕಿಯನ್ನು ಬೆಚ್ಚಿಸುವುದು ಬೇರೊಂದಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡರೆ ಮಳೆಯೂ ತಡೆಯುತ್ತದೆ, ಮನುಷ್ಯನ ಆಕಾರವೂ ಮರೆಯಾಗುತ್ತದೆ.

ಹಕ್ಕಿ ನಿಮ್ಮನ್ನು ಒಪ್ಪಿಕೊಂಡಿತೆಂದು ತಿಳಿಯುವುದು ಅದು ಗರಿ ತಿದ್ದಿಕೊಳ್ಳಲು ಕುಳಿತಾಗ. ಕೊಕ್ಕನ್ನು ಬೆನ್ನ ಗರಿಯೊಳಗೆ ತೂರಿಸಿದ ಹಕ್ಕಿ ಸುತ್ತ ಕಣ್ಣಾಡಿಸುವುದನ್ನು ಅಷ್ಟರ ಮಟ್ಟಿಗೆ ಬಿಟ್ಟಿರುತ್ತದೆ. ಅಪಾಯ ಇದೆ ಎನಿಸಿದರೆ ಅದು ಹಾಗೆ ಮಾಡುವುದಿಲ್ಲ. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ. ಬಾತು ಮಿಂದು, ಗರಿ ತಿದ್ದಿ ಮುಗಿಸಿದ ಮೇಲೆ ನೀರಿನಿಂದ ಎದೆ ಮೇಲೆತ್ತಿ ರೆಕ್ಕೆ ಬಡಿಯುವುದು ಹೆಚ್ಚುಕಡಿಮೆ ಖಂಡಿತ. ಕಲ್ಲು ಎಸೆದವರಿಗೆ ಸಿಗುವುದು ಓಡುವ ಹಕ್ಕಿಯ ಬೆನ್ನು. ಕಾದವರಿಗೆ ಎರಡೂ ರೆಕ್ಕೆ ತೆರೆದು ಎದುರಿಗೆ ನಿಂತ ಹಕ್ಕಿ ಸಿಗುತ್ತದೆ. ಹಾವಕ್ಕಿ ಮೀನನ್ನು ಕೊಕ್ಕಿನ ತುದಿಗೆ ಚುಚ್ಚಿಕೊಂಡು ಮೇಲೇಳುತ್ತದೆ. ಹಾಗೆ ಚುಚ್ಚಿದ್ದನ್ನು ನುಂಗಲು ಆಗುವುದಿಲ್ಲ, ಕೊಡವಿ ಬಿಡಿಸಿ ಮೇಲಕ್ಕೆ ಚಿಮ್ಮಿ ತಲೆಯ ಕಡೆಯಿಂದ ನುಂಗಬೇಕು. ಕೊಡವಲು ತೊಡಗಿದ ಕೂಡಲೇ ಬಟನ್ ಒತ್ತಿ ಹಿಡಿಯಿರಿ. ಚಿಕ್ಕ ಬೆಳ್ಳಕ್ಕಿ ತನ್ನ ಹಳದಿ ಪಾದದಿಂದ ಕೆಸರನ್ನು ಕೆದಕಿ ಅಡಗಿದ ಮೀನನ್ನು ಎಬ್ಬಿಸುತ್ತದೆ. ಒಂದು ಕಾಲು ನಡುಗುವಂತೆ ಕಂಡರೆ ಕೊಕ್ಕಿನ ಏಟು ಹತ್ತಿರದಲ್ಲೇ ಇದೆ. ಜಂಬುಕೋಳಿ ಜೊಂಡಿನ ದಂಟನ್ನು ಕಾಲಬೆರಳಿನಲ್ಲಿ ಹಿಡಿದು ಬಾಯಿಗೆ ಒಯ್ಯುತ್ತದೆ. ಇಷ್ಟು ಚೆಂದದ ನೋಟ ಪ್ರತಿ ಕೆರೆಯಲ್ಲೂ ಇದ್ದು, ಚಿತ್ರ ಮಾತ್ರ ಅಪರೂಪ.

ಇನ್ನು ಗಾಳಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನಿಮ್ಮ ಬೆನ್ನಿನ ಚಿತ್ರಗಳಿಗೆ ಅರ್ಧ ಕಾರಣ ಇದೇ ಇರಬಹುದು. ನೀರುಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಈಗ ಮುಂಗಾರು, ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ಬೆಳಗ್ಗೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಮೂಡಣ ದಡದಲ್ಲಿ ನಿಂತರೆ ಹಕ್ಕಿಗಳೆಲ್ಲ ಪಡುವಣಕ್ಕೆ ಮುಖ ಮಾಡಿ ಏಳುತ್ತವೆ, ಅಂದರೆ ನಿಮಗೆ ಬೆನ್ನು. ಅದೇ ಸಂಜೆ ಪಡುವಣ ದಡಕ್ಕೆ ಹೋಗಿ. ಬೆಳಕೂ ನಿಮ್ಮ ಬೆನ್ನ ಹಿಂದೆ, ಗಾಳಿಯೂ ನಿಮ್ಮ ಬೆನ್ನ ಹಿಂದೆ. ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿ ಏಳುತ್ತದೆ, ನಿಮ್ಮ ಕಡೆಗೇ ಇಳಿಯುತ್ತದೆ. ದ್ವಾರಸಮುದ್ರದಲ್ಲಿ ಹೊಯ್ಸಳೇಶ್ವರ ದೇವಸ್ಥಾನ ಇರುವುದು ಕೆರೆಯ ಪಡುವಣಕ್ಕೆ. ಮೋಡ ಹರಿದ ಸಂಜೆಗಳಲ್ಲಿ ಆ ಕಡೆಯ ದಡ ನಿಮಗೆ ಹೇಳಿ ಮಾಡಿಸಿದ ಜಾಗ. ಚಳಿಗಾಲದಲ್ಲಿ ಗಾಳಿ ತಿರುಗಿ ಮೂಡಣದಿಂದ ಬೀಸುತ್ತದೆ, ಆಗ ಬೆಳಗಿನ ಹೊತ್ತು ಮೂಡಣ ದಡವೇ ಸರಿ.

ಗೂಡಿನ ವಿಷಯಕ್ಕೆ ಬರುತ್ತೇನೆ. ಗುಳುಮುಳುಕದ ಗೂಡು ನೀರಿನ ಮೇಲೆ ತೇಲುವ ಪಾಚಿ, ಜೊಂಡಿನ ಒಂದು ಒದ್ದೆ ಗುಪ್ಪೆ. ಮೊಟ್ಟೆ ಇಟ್ಟಾಗ ಬಿಳಿ. ಒದ್ದೆ ಜೊಂಡಿನ ಕಲೆ ಹಿಡಿದು ದಿನೇ ದಿನೇ ಕಂದಾಗುತ್ತದೆ. ಹಕ್ಕಿ ಮೇಯಲು ಹೋಗುವ ಮುನ್ನ ಗೂಡಿನ ಅಂಚಿನಿಂದ ಒದ್ದೆ ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಎಳೆದು, ಎಡಕ್ಕೊಂದು ಬಲಕ್ಕೊಂದು ಹೊದಿಸಿ, ಮೊಟ್ಟೆಗಳು ಪೂರ್ತಿ ಮುಚ್ಚಿದವೆಂದು ಕಂಡ ಮೇಲೆ ಸದ್ದಿಲ್ಲದೆ ನೀರಿಗೆ ಜಾರುತ್ತದೆ. ದೂರದಿಂದ ನೋಡಿದರೆ ಅಲ್ಲಿ ಗೂಡಿದೆ ಎಂದೇ ತೋರುವುದಿಲ್ಲ. ಮನುಷ್ಯ ಧಡಧಡನೆ ಬಂದರೆ ಹೊದಿಸಲು ಅದಕ್ಕೆ ಸಮಯ ಸಿಗುವುದಿಲ್ಲ. ಮೊಟ್ಟೆ ಬಯಲಾಗುತ್ತದೆ, ಮೇಲೆ ಸುತ್ತುವ ಕಾಗೆಗೆ ಅಷ್ಟು ಸಾಕು. ಹಾಗಾಗಿ ಬರಿಯ ಮೊಟ್ಟೆಗಳ ಫೋಟೊ ಕಂಡರೆ ನನಗೆ ಮೊದಲು ಕಾಣುವುದು ಅದನ್ನು ತೆಗೆದವರ ಅವಸರ. ಆ ಹೊದಿಕೆ ಹಾಕುವ ಕೆಲಸವನ್ನು ದೂರದಿಂದ ಹಿಡಿಯಿರಿ. ಗುಳುಮುಳುಕದ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಚಿತ್ರವಿಲ್ಲ.

ಜೊಂಡು ಸವರುವ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ. ಆ ಜೊಂಡೇ ಗೂಡಿನ ಗೋಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದಕ್ಕೆ ಕೊಟ್ಟಿರುವ ವಿವರಣೆಯೊಳಗೆ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿಯದೆಯೂ ಬೇಟೆಗಾರರಾಗಬಹುದು.

ಮೂಡಿಗೆರೆ ತೋಟ:

ಟೀಚರ್ ಹೇಳಿದ ಗಾಳಿಯ ಲೆಕ್ಕ ನನಗೆ ಹೊಸದು, ನಮ್ಮ ತೋಟದ ಕೆರೆಯಲ್ಲಿ ನೋಡುತ್ತೇನೆ. ಆದರೆ ಕೂಗು ಹಾಕುವುದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹುಂಡುಕೋಳಿಯಂಥವು ಪೊದೆ ಬಿಟ್ಟು ಹೊರಗೇ ಬರುವುದಿಲ್ಲ. ಒಮ್ಮೆ ಕೂಗು ಹಾಕಿ, ಬಂದ ಕೂಡಲೇ ನಿಲ್ಲಿಸಿದರೆ ಏನು ತೊಂದರೆ? ಅದೂ ಹಕ್ಕಿಯ ಸಹಜ ವರ್ತನೆಯೇ ಅಲ್ಲವೇ?

ಸಖರಾಯಪಟ್ಟಣದ ಟೀಚರ್:

ಮೂಡಿಗೆರೆಯವರೇ, ಹೊರಗೆ ಬರುವ ಹಕ್ಕಿ ತನ್ನ ಎಲ್ಲೆಯೊಳಗೆ ಎದುರಾಳಿ ನುಗ್ಗಿದ್ದಾನೆಂದು ನಂಬಿ ಜಗಳಕ್ಕೆ ಬರುತ್ತದೆ. ಅಲ್ಲಿ ಯಾರೂ ಇರುವುದಿಲ್ಲ. ಮಳೆಗಾಲ ಅವುಗಳಿಗೆ ಸಂತಾನದ ಕಾಲ. ಕಾವು ಕೂರುವ, ಮರಿಗೆ ತಿನ್ನಿಸುವ ಹೊತ್ತನ್ನು ಇಲ್ಲದ ಶತ್ರುವಿಗಾಗಿ ಕಳೆಯುತ್ತದೆ. ನೀವು ಒಮ್ಮೆ ಹಾಕುತ್ತೀರಿ, ನಿಮ್ಮ ನಂತರ ಬಂದವರೂ ಒಮ್ಮೆ ಹಾಕುತ್ತಾರೆ. ಹುಂಡುಕೋಳಿ ಮಳೆ ನಿಂತ ಕೂಡಲೇ ತಾನಾಗಿಯೇ ತೋಟದ ದಾರಿಗೆ, ಗದ್ದೆಯ ಬದುವಿಗೆ ಬಂದು ಮೇಯುತ್ತದೆ. ಮಲೆನಾಡಿನಲ್ಲಿ ಮಳೆ ನಿಲ್ಲುವುದನ್ನು ಕಾಯುವುದು ನಮಗೆಲ್ಲ ಅಭ್ಯಾಸವಾಗಿದೆ.

ಗೊರೂರು ಹಿನ್ನೀರು:

ನಾನು ಹೇಮಾವತಿ ಹಿನ್ನೀರಿನಲ್ಲಿ ಬಲೆ ಹಾಕುವವನು. ಫೋಟೊ ತೆಗೆಯುವವರು ತೆಪ್ಪಕ್ಕೆ ಬಾಡಿಗೆ ಕೇಳಿಕೊಂಡು ಬರುತ್ತಾರೆ. ಒಂದು ಮಾತು ಹೇಳುತ್ತೇನೆ, ಸರ್. ಹಕ್ಕಿ ಹೆದರುವುದು ತೆಪ್ಪಕ್ಕಲ್ಲ, ಹುಟ್ಟು ಎತ್ತಿ ಹಾಕುವ ಕೈಗೆ. ಹಕ್ಕಿಯತ್ತ ಗಾಳಿ ಬರುವ ಕಡೆಗೆ ಹೋಗಿ, ದೂರದಲ್ಲೇ ಹುಟ್ಟನ್ನು ಒಳಗಿಟ್ಟು ಸುಮ್ಮನೆ ಕುಳಿತರೆ ಗಾಳಿಯೇ ತೆಪ್ಪವನ್ನು ಮೆಲ್ಲಗೆ ಒಯ್ಯುತ್ತದೆ. ತೆಪ್ಪ ತಿರುಗುತ್ತಲೇ ಇರುತ್ತದೆ, ಬೆಳಕು ಸರಿಯಾಗಿ ಬಿದ್ದಾಗ ತೆಗೆಯಿರಿ. ನೀರುಕಾಗೆಗಳು ರೆಕ್ಕೆ ಹರವಿ ಕುಳಿತ ಒಣ ಮರದ ಬುಡದವರೆಗೂ ಹಾಗೆ ಹೋಗಬಹುದು. ಆದರೆ ಜೀವರಕ್ಷಕ ಜಾಕೆಟ್ ಇಲ್ಲದೆ ಯಾರೂ ಹತ್ತಬೇಡಿ. ಈಗ ಒಳಹರಿವು ಜಾಸ್ತಿ, ನೀರಿನಡಿ ಮುಳುಗಿದ ಮರದ ಕೊರಡುಗಳಿವೆ.

ತರೀಕೆರೆ ಓದುಗ:

ತೆಪ್ಪದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಇದನ್ನು ಓದಿ ಲಕ್ಕವಳ್ಳಿ ಕಡೆ ಯಾರೂ ಖಾಸಗಿ ದೋಣಿ ಹುಡುಕಬಾರದು. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ನೀರು ಇಳಿದಾಗ ಹೊಳೆ ರೀವಗಳು (ರಿವರ್ ಟರ್ನ್ ಹಕ್ಕಿಗಳು) ದೊಡ್ಡ ಸಂಖ್ಯೆಯಲ್ಲಿ ಸೇರಿ ಮೊಟ್ಟೆ ಇಡುತ್ತವೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿ ಈಗ ಅವನ್ನು ಅಪಾಯಕ್ಕೆ ಈಡಾಗಬಲ್ಲ ಹಕ್ಕಿಗಳ ಸಾಲಿಗೆ ಸೇರಿಸಿದೆ. ಗೂಡು ಎಂದರೆ ಬರಿಯ ನೆಲದ ಮೇಲಿನ ಒಂದು ತಗ್ಗು, ಅಷ್ಟೇ. ತಾಯಿ ತಂದೆ ಮೇಲೆ ಕುಳಿತು ನೆರಳು ಕೊಟ್ಟರೆ ಮೊಟ್ಟೆ ಉಳಿಯುತ್ತದೆ. ದೋಣಿ ಹತ್ತಿರ ಬಂದು ಇಡೀ ಗುಂಪು ಮೇಲೆದ್ದರೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೊಟ್ಟೆ ಕಾದುಹೋಗುತ್ತದೆ. ಅದು ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಕೂಡ ಹಾರಿಸುವಂತಿಲ್ಲ. ಸಫಾರಿ ದೋಣಿಯಿಂದಲೇ ಬೇಕಾದಷ್ಟು ಸಿಗುತ್ತದೆ. ಗಂಡು ರೀವ ಮೀನು ತಂದು ಹೆಣ್ಣಿನ ಕೊಕ್ಕಿಗೆ ಕೊಟ್ಟು ಒಲಿಸಿಕೊಳ್ಳುವುದನ್ನು ಅಲ್ಲಿಂದಲೇ ನೋಡಬಹುದು.

ಹಳೇಬೀಡು ಸ್ಟುಡಿಯೊ:

ಎಲ್ಲರಿಗೂ ಧನ್ಯವಾದ. ಟೀಚರ್ ಹೇಳಿದಂತೆ ಸಂಜೆ ದೇವಸ್ಥಾನದ ಕಡೆಯ ದಡದಲ್ಲಿ ಕುಳಿತೆ. ಶಿಳ್ಳೆ ಬಾತುಗಳು ಕಾಲು ಮುಂದೆ ಚಾಚಿ ನನ್ನ ಕಡೆಗೇ ಇಳಿದವು!

ಇನ್ನೊಂದು ಪ್ರಶ್ನೆ ಉಳಿದಿದೆ. ತಾವರೆ ಕೆರೆಯಲ್ಲಿ ಒಂದು ದೇವನಕ್ಕಿ ಎಲೆಯ ಮೇಲೆ ಕಾವು ಕೂತಿದೆ. ನೀರಿನ ಮಟ್ಟಕ್ಕೆ ಲೆನ್ಸ್ ಇಳಿಸಿದರೆ ಚಿತ್ರಕ್ಕೆ ಜೀವ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾನು ಮಲಗಿದರೆ ತಾವರೆ ಎಲೆಗಳೇ ಅಡ್ಡ ಬರುತ್ತವೆ. ನಿಂತರೆ ಹಕ್ಕಿ ಏಳುತ್ತದೆ. ಮರಿ ಹೊರಬಂದಾಗ ಹೇಗೆ ತೆಗೆಯಲಿ? ಲೆನ್ಸಿನಡಿ ಇಡುವ ಚೀಲಕ್ಕೆ ಏನು ತುಂಬಬೇಕು?

ಸಖರಾಯಪಟ್ಟಣದ ಟೀಚರ್:

ಕಾವು ಕೂತಿರುವುದು ಗಂಡು. ದೇವನಕ್ಕಿಗಳಲ್ಲಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು. ಒಂದು ಗಂಡಿಗೆ ಮೊಟ್ಟೆ ಇಟ್ಟುಕೊಟ್ಟು ಮತ್ತೊಂದು ಗಂಡಿನ ಕಡೆಗೆ ಹೋಗುತ್ತದೆ. ಕಂಚಿನ ಬಣ್ಣದಲ್ಲಿ ಹೊಳೆಯುವ ನಾಲ್ಕು ಮೊಟ್ಟೆ, ಸುಮಾರು 26 ದಿನದ ಕಾವು, ಆಮೇಲೆ ಮರಿಗಳ ಕಾವಲು ಎಲ್ಲವೂ ತಂದೆಯದೇ. ಮಳೆಗೆ ಕೆರೆಯ ನೀರು ಏರಿದರೆ ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಅವುಚಿಕೊಂಡು ಬೇರೆ ಎಲೆಗೆ ಸಾಗಿಸುವುದೂ ಉಂಟು. ಮೇಲಿನ ಹಳ್ಳ ತುಂಬಿ ಹರಿದ ಮರುದಿನ ಬೆಳಗ್ಗೆ ದೂರದಲ್ಲಿ ಕುಳಿತು ಗಮನಿಸಿ, ನಿಮ್ಮ ಅದೃಷ್ಟಕ್ಕೆ ಸಿಕ್ಕರೂ ಸಿಗಬಹುದು.

ತಾವರೆ ಇರುವ ಕಡೆ ಮಲಗುವ ಹಟ ಬೇಡ. ಚಕ್ಕಳಮಕ್ಕಳ ಹಾಕಿ ಕುಳಿತ ಎತ್ತರ ಸಾಕು, ನಿಂತ ಮನುಷ್ಯನಿಗೆ ಹೆದರುವಷ್ಟು ಕುಳಿತವರಿಗೆ ಹೆದರುವುದಿಲ್ಲ. ನೀರಿಗೆ ಅಂಟಿಕೊಂಡು ಹರಡಿದ ಎಲೆಗಳಿರುವ ಕಡೆಯನ್ನು ಹುಡುಕಿ. ಮರಿಗಳು ಮೇಯುವುದು ಅಂಥ ಎಲೆಗಳ ಮೇಲೆಯೇ. ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೆಲ್ಲ ಅವು ತಾವೇ ನಡೆದು ಹುಳು ಹೆಕ್ಕುತ್ತವೆ. ತಂದೆ ಕೂಗಿದರೆ ಓಡಿ ಬಂದು ಅವನ ರೆಕ್ಕೆಯಡಿ ಸೇರುತ್ತವೆ. ಮಳೆ ಹನಿಯಲು ಶುರುವಾದಾಗ ಹೀಗೆ ಕರೆಯುವುದು ಹೆಚ್ಚು, ಹಾಗಾಗಿ ಹನಿ ಬಿದ್ದ ಕೂಡಲೇ ಕ್ಯಾಮೆರಾ ಒಳಗಿಡಬೇಡಿ.

ಒಂದು ಎಚ್ಚರ. ಅಪಾಯ ಕಂಡರೆ ಈ ಮರಿಗಳು ನೀರಿನೊಳಗೆ ಮುಳುಗಿ, ಕೊಕ್ಕಿನ ತುದಿಯನ್ನಷ್ಟೇ ಮೇಲಿಟ್ಟು ಅಡಗುತ್ತವೆ. ಎಲೆಯ ಮೇಲಿದ್ದ ಮರಿಗಳು ಇದ್ದಕ್ಕಿದ್ದಂತೆ ಕಾಣದಾದರೆ ಅವು ನಿಮ್ಮಿಂದ ಅಡಗಿವೆ ಎಂದೇ ತಿಳಿಯಿರಿ. ಹುಡುಕುತ್ತಾ ನಿಲ್ಲಬೇಡಿ, ಎದ್ದು ಬಂದುಬಿಡಿ. ನೀವು ಹೋಗುವವರೆಗೆ ಅವು ನೀರಿನಲ್ಲೇ ನೆನೆಯುತ್ತವೆ.

ಚೀಲಕ್ಕೆ ಹಲವರು ಅಕ್ಕಿ, ರಾಗಿ ತುಂಬುತ್ತಾರೆ. ಮಳೆಗಾಲದಲ್ಲಿ ಅಕ್ಕಿ ಮುಗ್ಗುತ್ತದೆ, ರಾಗಿ ಮೊಳಕೆಯೊಡೆಯುತ್ತದೆ. ಥರ್ಮಾಕೋಲ್ ಮಣಿ ತುಂಬಿ, ಹಗುರವೂ ಆಗುತ್ತದೆ. ಹೊಲಿಗೆ ಭದ್ರವಾಗಿರಲಿ, ಒಂದು ಮಣಿಯೂ ಕೆರೆಗೆ ಬೀಳಬಾರದು.

ಆ ಚಿಕ್ಕ ಕೆರೆಯ ಹೆಸರನ್ನು ನೀವು ಇಲ್ಲಿ ಬರೆಯದಿದ್ದುದು ಒಳ್ಳೆಯದಾಯಿತು. ಮರಿಗಳು ಹಾರುವವರೆಗೂ ಬರೆಯಬೇಡಿ. ಚಿತ್ರ ಹಾಕುವ ಮುಂಚೆ ಅದರೊಳಗೆ ದಾಖಲಾಗಿರುವ ಜಾಗದ ವಿವರವನ್ನೂ ಅಳಿಸಿ. ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಅದು ತಾನಾಗಿಯೇ ಸೇರಿಕೊಂಡಿರುತ್ತದೆ.